ಜೋಡಿ ಜೋಡಿಯಾಗಿ ಬೆಳೆಯುವ ಡಿಸ್ಕ್ ಪೆಟ್ಟಿಗೆ

ಮದುವೆ ಚಿತ್ರೀಕರಣದ ಲೆಕ್ಕವನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ವಿಡಿಯೊ ತೆಗೆಯುವ ಒಂದು ಕ್ಯಾಮೆರಾ ಗಂಟೆಗೆ 45 ಜಿಬಿ ತುಂಬಿಸುತ್ತದೆ. ಆರತಕ್ಷತೆ, ಧಾರೆ ಎರಡೂ ಸೇರಿ ಎರಡು ಕ್ಯಾಮೆರಾಗಳು ತಲಾ ನಾಲ್ಕು ಗಂಟೆ ಓಡಿದರೆ 360 ಜಿಬಿ ಆಯಿತು. ಫೋಟೊಗಳು, ಡ್ರೋನ್ ದೃಶ್ಯಗಳು ಇದರ ಮೇಲೆ. ಇಂಥ ಹತ್ತು ಮದುವೆಗೆ 4 ಟಿಬಿಯ ಡಿಸ್ಕ್ ಮುಗಿದುಹೋಗುತ್ತದೆ. ಆಗ ಸಣ್ಣ ಸ್ಟುಡಿಯೊಗಳಲ್ಲಿ ನಡೆಯುವುದು ಒಂದೇ: ತುಂಬಿದ ಎಕ್ಸ್‌ಟರ್ನಲ್ ಡಿಸ್ಕ್ ಮೇಲೆ ಮಾರ್ಕರ್‌ನಲ್ಲಿ ತಿಂಗಳು ಬರೆದು ಬೀರುವಿಗೆ ಸೇರಿಸುವುದು, ಹೊಸದೊಂದನ್ನು ತರುವುದು. ಆಲ್ಬಂಗೆ ಫೋಟೊ ಆರಿಸಲು ಮನೆಯವರು ಆರು ತಿಂಗಳು ಬಿಟ್ಟು ಬಂದಾಗ ಆ ಡಿಸ್ಕ್ ಏಳದಿದ್ದರೆ? ಧಾರೆಯನ್ನು ಮತ್ತೊಮ್ಮೆ ಎರೆಸಲಾಗದು.

ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಎರಡು ಡಿಸ್ಕ್ ಜೋಡಿಸಿ, ಒಂದರಲ್ಲಿರುವುದು ಇನ್ನೊಂದರಲ್ಲೂ ಇರುವಂತೆ ಮಾಡಿ, ಜಾಗ ಸಾಲದಾದಾಗ ಇನ್ನೊಂದು ಜೋಡಿ ಸೇರಿಸುವ ವಿಧಾನ ಇಲ್ಲಿದೆ. ಸ್ಟುಡಿಯೊ ಇಲ್ಲದವರಿಗೂ, ಅಂದರೆ ಲೆಕ್ಕಪರಿಶೋಧಕರ ಕಚೇರಿಗೆ, ಡಿಟಿಪಿ ಅಂಗಡಿಗೆ, ಮನೆಯ ಫೋಟೊ ಸಂಗ್ರಹಕ್ಕೂ ಇದೇ ಕ್ರಮ ಸಲ್ಲುತ್ತದೆ. ಬಳಸುವ ತಂತ್ರಾಂಶ ಟ್ರೂನಾಸ್ ಕಮ್ಯುನಿಟಿ ಎಡಿಷನ್. ಉಚಿತ, ಕಮಾಂಡ್ ಟೈಪ್ ಮಾಡದೆ ಬ್ರೌಸರ್‌ನಲ್ಲೇ ಎಲ್ಲ ಕೆಲಸ ಮುಗಿಯುತ್ತದೆ. ಅದರ ಒಳಗಿರುವ ಕಡತ ವ್ಯವಸ್ಥೆ ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ 2001ರಲ್ಲಿ ಕೆಲಸ ಶುರುವಾಗಿ, 2005ರಲ್ಲಿ ಅದರ ಮೂಲ ಸಂಕೇತ ಬಿಡುಗಡೆಯಾಯಿತು. ಅಂದಿನಿಂದ ದೊಡ್ಡ ಸರ್ವರ್‌ಗಳಲ್ಲಿ ಪಳಗಿದೆ.

ಸ್ಟ್ರೈಪ್ ಮತ್ತು ಮಿರರ್

ಎರಡು ಡಿಸ್ಕ್‌ಗಳನ್ನು ಸೇರಿಸಲು ಮೂಲತಃ ಎರಡು ದಾರಿಗಳಿವೆ. ಸ್ಟ್ರೈಪ್‌ನಲ್ಲಿ ಪ್ರತಿ ಕಡತವನ್ನೂ ತುಂಡು ಮಾಡಿ ಎರಡಕ್ಕೂ ಹಂಚಲಾಗುತ್ತದೆ. ಲೆಕ್ಕದ ಒಂದೊಂದು ಸಾಲನ್ನು ಎರಡು ಖಾತೆ ಪುಸ್ತಕಗಳಲ್ಲಿ ಬಿಟ್ಟು ಬಿಟ್ಟು ಬರೆದಂತೆ. ಒಂದು ಪುಸ್ತಕ ಕಳೆದರೆ ಕೈಯಲ್ಲಿ ಉಳಿದದ್ದೂ ಓದಲು ಬಾರದು. 4 ಟಿಬಿಯ ಎರಡು ಡಿಸ್ಕ್ ಸೇರಿ 8 ಟಿಬಿ ಸಿಗುತ್ತದೆ, ವೇಗವೂ ಹೆಚ್ಚುತ್ತದೆ, ಆದರೆ ಯಾವುದೇ ಒಂದು ಕೆಟ್ಟರೂ ಎಲ್ಲವೂ ಹೋಗುತ್ತದೆ. ಮಿರರ್‌ನಲ್ಲಿ ಎರಡರಲ್ಲೂ ಒಂದೇ ಪ್ರತಿ. 4 ಟಿಬಿಯ ಎರಡು ಡಿಸ್ಕ್‌ಗೆ 4 ಟಿಬಿ ಜಾಗವಷ್ಟೇ. ಒಂದು ಕೆಟ್ಟರೂ ಕೆಲಸ ನಿಲ್ಲದು.

ಡಿಸ್ಕೊಂದು ವರ್ಷದೊಳಗೆ ಕೆಡುವ ಸಾಧ್ಯತೆ ನೂರಕ್ಕೆ 3 ಎಂದಿಟ್ಟುಕೊಳ್ಳಿ. ಎರಡು ಡಿಸ್ಕ್‌ಗಳ ಸ್ಟ್ರೈಪ್ ಕೆಡುವ ಸಾಧ್ಯತೆ ನೂರಕ್ಕೆ ಸುಮಾರು 6, ನಾಲ್ಕಾದರೆ ಹನ್ನೊಂದೂವರೆ. ಡಿಸ್ಕ್ ಹೆಚ್ಚಿದಷ್ಟೂ ಅಪಾಯವೂ ಹೆಚ್ಚು. ಹೀಗೆ ಡಿಸ್ಕ್‌ಗಳನ್ನು ಗುಂಪು ಮಾಡುವ ವಿಧಾನಗಳಿಗೆ ರೇಡ್ ಎಂಬ ಹೆಸರನ್ನು ಕೊಟ್ಟದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧ. ಅದರಲ್ಲಿ 1ರಿಂದ 5ರವರೆಗೆ ಐದು ಮಟ್ಟಗಳಿದ್ದವು. ಬರೀ ಸ್ಟ್ರೈಪ್ ಆಗಿರುವ ‘ರೇಡ್ 0’ ಆ ಐದರಲ್ಲಿ ಇರಲಿಲ್ಲ, ಆಮೇಲೆ ಬಂದು ಸೇರಿಕೊಂಡದ್ದು. ಪ್ರಬಂಧದ ಉದ್ದೇಶವೇ ಅಗ್ಗದ ಡಿಸ್ಕ್‌ಗಳ ಗುಂಪನ್ನು ನೆಚ್ಚಿಕೊಳ್ಳುವಂತೆ ಮಾಡುವುದಾಗಿತ್ತು.

ಹಾಗಾದರೆ ಸ್ಟ್ರೈಪ್ ಬೇಡವೇ? ಬೇಕು, ಆದರೆ ಮಿರರ್ ಜೋಡಿಗಳ ಮೇಲೆ. ಎರಡು ಡಿಸ್ಕ್‌ನ ಒಂದು ಮಿರರ್, ಇನ್ನೆರಡರದು ಇನ್ನೊಂದು ಮಿರರ್, ಈ ಎರಡು ಜೋಡಿಗಳ ನಡುವೆ ಸ್ಟ್ರೈಪ್. ಇದನ್ನೇ ರೇಡ್ 10 ಎನ್ನುತ್ತಾರೆ. ಝಡ್‌ಎಫ್‌ಎಸ್‌ನಲ್ಲಿ ಪ್ರತಿ ಜೋಡಿಗೆ ವಿಡೆವ್ ಎಂದೂ ಎಲ್ಲ ಜೋಡಿಗಳು ಸೇರಿದ ಒಟ್ಟು ಜಾಗಕ್ಕೆ ಪೂಲ್ ಎಂದೂ ಹೆಸರು. ವಿಡೆವ್‌ಗಳ ನಡುವೆ ಸ್ಟ್ರೈಪ್ ತಾನಾಗಿಯೇ ಆಗುತ್ತದೆ. ನೀವು ನೋಡಿಕೊಳ್ಳಬೇಕಾದದ್ದು ಪ್ರತಿ ವಿಡೆವ್ ಒಳಗೆ ಜೋಡಿ ಇದೆಯೇ ಎಂಬುದನ್ನು ಮಾತ್ರ. ಒಂದೇ ಒಂದು ವಿಡೆವ್ ಪೂರ್ತಿ ಹೋದರೂ ಇಡೀ ಪೂಲ್ ಹೋಗುತ್ತದೆ. ಮುಂದೆ ಹೇಳುವ ಅಪಾಯಗಳೆಲ್ಲ ಈ ನಿಯಮದಿಂದಲೇ ಹುಟ್ಟುತ್ತವೆ.

ವೇಗಕ್ಕಾಗಿ ಬರೀ ಸ್ಟ್ರೈಪ್ ಮಾಡಲು ಹೊರಡುವವರಿಗೆ ಒಂದು ಮಾತು. ಸಾಮಾನ್ಯ ಗಿಗಾಬಿಟ್ ರೂಟರ್, ಸ್ವಿಚ್ ಮೂಲಕ ಸೆಕೆಂಡಿಗೆ ಹೆಚ್ಚೆಂದರೆ 110–118 ಎಂಬಿ ಹರಿಯುತ್ತದೆ. ಈಗಿನ 7200 ಆರ್‌ಪಿಎಂ ಡಿಸ್ಕ್ ಒಂದೇ ಇದಕ್ಕಿಂತ ವೇಗವಾಗಿ ದೊಡ್ಡ ಕಡತಗಳನ್ನು ಓದಬಲ್ಲದು. ಅಂದರೆ ಗಿಗಾಬಿಟ್ ತಂತಿಯ ಆ ಕಡೆ ನೀವು ಎಷ್ಟು ಡಿಸ್ಕ್ ಸ್ಟ್ರೈಪ್ ಮಾಡಿದರೂ ಎಡಿಟಿಂಗ್ ಮೇಜಿಗೆ ಬರುವುದು ಅಷ್ಟೇ. 2.5 ಗಿಗಾಬಿಟ್ ಸ್ವಿಚ್, ಅದಕ್ಕೆ ತಕ್ಕ ಕಾರ್ಡ್ ಎರಡೂ ಕಡೆ ಹಾಕಿದರೆ ಮಾತ್ರ ಎರಡನೇ ಜೋಡಿಯ ವೇಗ ಕಣ್ಣಿಗೆ ಕಂಡೀತು. ಬರೀ ವೇಗ ಬೇಕಿದ್ದವರು ನಡೆಯುತ್ತಿರುವ ಪ್ರಾಜೆಕ್ಟ್ ಒಂದನ್ನು ತಮ್ಮ ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿಟ್ಟುಕೊಂಡು ಎಡಿಟ್ ಮಾಡುವುದು ಮೇಲು.

ಏನೇನು ಬೇಕು

64 ಬಿಟ್‌ನ ಯಾವುದೇ ಹಳೆಯ ಡೆಸ್ಕ್‌ಟಾಪ್ ಸಾಕು. 8 ಜಿಬಿ ರ‍್ಯಾಮ್ ಕನಿಷ್ಠ, 16 ಇದ್ದರೆ ನೆಮ್ಮದಿ. ದೋಷ ತಿದ್ದುವ ಇಸಿಸಿ ರ‍್ಯಾಮ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಲಸವೇನೂ ನಿಲ್ಲದು. ಟ್ರೂನಾಸ್ ಅನ್ನು ಸ್ಥಾಪಿಸಲು ಪ್ರತ್ಯೇಕವಾದ ಒಂದು ಸಣ್ಣ ಎಸ್‌ಎಸ್‌ಡಿ ಬೇಕು. 16 ಜಿಬಿ ಇದ್ದರೂ ನಡೆಯುತ್ತದೆ, ಹಳೆ ಲ್ಯಾಪ್‌ಟಾಪಿನಿಂದ ತೆಗೆದಿಟ್ಟ 120 ಜಿಬಿಯದು ಧಾರಾಳವಾಯಿತು. ಅದು ಇಡಿಯಾಗಿ ತಂತ್ರಾಂಶಕ್ಕೇ ಮೀಸಲು, ಉಳಿದ ಜಾಗದಲ್ಲಿ ಫೋಟೊ ಇಡುತ್ತೇನೆಂದರೆ ಆಗದು.

ಇಲ್ಲೇ ಬಹಳ ಜನ ಮುಗ್ಗರಿಸುತ್ತಾರೆ: ಸಾಟಾ ಪೋರ್ಟ್‌ಗಳ ಎಣಿಕೆ. ಸಾಧಾರಣ ಮದರ್‌ಬೋರ್ಡ್‌ನಲ್ಲಿ ನಾಲ್ಕು ಇರುತ್ತವೆ. ಒಂದನ್ನು ಎಸ್‌ಎಸ್‌ಡಿ ಹಿಡಿದರೆ ಮೂರು ಉಳಿಯಿತು, ನಾಲ್ಕು ಡಿಸ್ಕ್‌ಗೆ ಒಂದು ಕಮ್ಮಿ. ಎಂ.2 ಸ್ಲಾಟ್ ಇದ್ದರೆ ತಂತ್ರಾಂಶವನ್ನು ಅಲ್ಲಿಗೆ ಕಳಿಸಬಹುದು, ಆದರೆ ಕೆಲವು ಬೋರ್ಡ್‌ಗಳಲ್ಲಿ ಎಂ.2 ಬಳಸಿದರೆ ಒಂದು ಸಾಟಾ ಪೋರ್ಟ್ ತಾನಾಗಿ ಸುಮ್ಮನಾಗುತ್ತದೆ. ಬೋರ್ಡಿನ ಮ್ಯಾನುಯಲ್ ನೋಡಿ. ಇವತ್ತು ಎರಡೇ ಡಿಸ್ಕ್ ಹಾಕುವುದಾದರೂ ಐದು ಪೋರ್ಟ್ ಸಿಗುವ ದಾರಿಯನ್ನು ಇವತ್ತೇ ಯೋಚಿಸಿಡಿ: ನಾಲ್ಕು ಡಿಸ್ಕ್‌ಗೆ, ಮತ್ತೊಂದು ಬದಲಿ ಹಾಕುವ ದಿನಕ್ಕೆ. ಪೋರ್ಟ್ ಸಾಲದಿದ್ದರೆ ಬೇಕಾದದ್ದು ಡಿಸ್ಕ್‌ಗಳನ್ನು ನೇರವಾಗಿ ತೋರಿಸುವ ಎಚ್‌ಬಿಎ ಕಾರ್ಡ್. ತಾನೇ ರೇಡ್ ಮಾಡುವ ಕಾರ್ಡ್ ಬೇಡ. ಬಯಾಸ್‌ನಲ್ಲೂ ಸಾಟಾ ಮೋಡ್ ‘ಎಎಚ್‌ಸಿಐ’ ಆಗಿರಲಿ, ‘ರೇಡ್’ ಬೇಡ. ಝಡ್‌ಎಫ್‌ಎಸ್‌ಗೆ ಡಿಸ್ಕ್‌ಗಳು ಮರೆಯಿಲ್ಲದೆ ಕಾಣಬೇಕು. ಯುಎಸ್‌ಬಿ ಎಕ್ಸ್‌ಟರ್ನಲ್ ಡಿಸ್ಕ್‌ಗಳನ್ನು ಪೂಲ್‌ಗೆ ಸೇರಿಸುವ ಆಸೆಯನ್ನೂ ಬಿಡಿ, ಕೇಬಲ್ ಕೊಂಚ ಅಲುಗಿದರೂ ಅವು ಮಾಯವಾಗುತ್ತವೆ.

ಡಿಸ್ಕ್ ಕೊಳ್ಳುವಾಗ ಬೆಲೆಗಿಂತ ಮುಂಚೆ ಕೇಳಬೇಕಾದ್ದು ಅದು ಸಿಎಂಆರ್ (ಪಥಗಳು ಒಂದರ ಪಕ್ಕ ಒಂದಿರುವ ಬಗೆ) ಹೌದೋ ಅಲ್ಲವೋ ಎಂದು. ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಪಥಗಳು ಹೆಂಚಿನಂತೆ ಒಂದರ ಮೇಲೊಂದು ಒರಗಿರುತ್ತವೆ. ಒಂದೇ ಸಮನೆ ಬರೆಯಬೇಕಾದಾಗ, ಅಂದರೆ ಕೆಟ್ಟ ಡಿಸ್ಕ್‌ಗೆ ಬದಲಿ ಹಾಕಿದ ಹೊತ್ತಿನಲ್ಲೇ, ತೀರಾ ನಿಧಾನವಾಗುತ್ತವೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ‘ರೆಡ್’ ಸರಣಿಯಲ್ಲಿ 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದು ಬೆಳಕಿಗೆ ಬಂದು ದೊಡ್ಡ ಗದ್ದಲವಾಯಿತು. ಬಳಿಕ ಸಿಎಂಆರ್ ಡಿಸ್ಕ್‌ಗಳನ್ನು ‘ರೆಡ್ ಪ್ಲಸ್’ ಎಂದು ಬೇರೆ ಮಾಡಿದರು. ಸೀಗೇಟ್‌ನ ‘ಐರನ್‌ವುಲ್ಫ್’ ಸರಣಿ ಸಿಎಂಆರ್. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಮಾದರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಅಂಗಡಿಯವರು ‘ಎಲ್ಲಾ ಒಂದೇ ಸಾರ್’ ಎಂದರೆ ಚೀಟಿ ತೋರಿಸಿ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಡಿಸ್ಕ್‌ಗಳನ್ನು ಜೋಡಿ ಮಾಡುವ ಬದಲು ಬೇರೆ ಬೇರೆ ಅಂಗಡಿಯಿಂದ ಒಂದೊಂದು ತಂದರೆ ತಯಾರಿಕೆಯ ದೋಷ ಎರಡರಲ್ಲೂ ಒಟ್ಟಿಗೆ ಕಾಡುವ ಸಂಭವ ಕಡಿಮೆ.

ಪವರ್ ಸಪ್ಲೈ ಕಡೆಗೂ ಗಮನವಿರಲಿ. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ 12 ವೋಲ್ಟ್‌ನಲ್ಲಿ 2 ಆಂಪಿಯರ್‌ವರೆಗೆ ಎಳೆಯಬಹುದು. ನಾಲ್ಕು ಸೇರಿದರೆ ನೂರು ವಾಟ್‌ನ ಹತ್ತಿರ. ಹತ್ತಾರು ರೂಪಾಯಿಯ ಕವಲು ಕೇಬಲ್ ಇದನ್ನು ತಾಳುತ್ತದೆಂದು ನಂಬಬೇಡಿ.

ಇನ್ನು ಯುಪಿಎಸ್. ಕರೆಂಟ್ ಹೋದರೆ ಝಡ್‌ಎಫ್‌ಎಸ್‌ನ ಕಡತ ವ್ಯವಸ್ಥೆ ಹಾಳಾಗುವುದು ಅಪರೂಪ, ಏಕೆಂದರೆ ಅದು ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆದು ಆಮೇಲೆ ಗುರುತು ಬದಲಿಸುತ್ತದೆ. ಆದರೂ ಆಗತಾನೆ ಕಾಪಿ ಆಗುತ್ತಿದ್ದದ್ದು ಹೋಗುತ್ತದೆ, ಪದೇ ಪದೇ ನಿಂತು ಹೊರಡುವುದು ಡಿಸ್ಕ್‌ಗೂ ಒಳ್ಳೆಯದಲ್ಲ. ಮನೆಯ ಇನ್ವರ್ಟರ್ ಸಾಕೆನ್ನುವವರು ಅದು ‘ಯುಪಿಎಸ್ ಮೋಡ್’ನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ಸಿಕ್ಕರೆ ಉತ್ತಮ: ಬ್ಯಾಟರಿ ತಗ್ಗಿದಾಗ ಟ್ರೂನಾಸ್ ಅದನ್ನು ತಿಳಿದು ತಾನೇ ಶಿಸ್ತಾಗಿ ಮುಚ್ಚಿಕೊಳ್ಳುತ್ತದೆ.

ಮೊದಲು ಗುರುತು, ಆಮೇಲೆ ಜೋಡಣೆ

ಹೊಸ ಡಿಸ್ಕ್ ಎಂದರೆ ಒಳ್ಳೆಯ ಡಿಸ್ಕ್ ಎಂದಲ್ಲ. ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದರ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ನೋಡಿ. ಓಡಿದ ಗಂಟೆ ಸೊನ್ನೆಯ ಆಸುಪಾಸು ಇರಬೇಕು. ಸಾವಿರಗಟ್ಟಲೆ ಇದ್ದರೆ ಅದು ಹೊಸದಲ್ಲ, ವಾಪಸ್ ಕೊಡಿ. 5, 197, 198 ಸಂಖ್ಯೆಯ ಸಾಲುಗಳು ಕೆಟ್ಟ ಸೆಕ್ಟರ್‌ಗಳಿಗೆ ಸಂಬಂಧಿಸಿದವು, ಮೂರೂ ಸೊನ್ನೆ ಇರಲಿ.

ಪ್ರತಿ ಡಿಸ್ಕ್‌ನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ದೊಡ್ಡದಾಗಿ ಬರೆದು, ಪೆಟ್ಟಿಗೆ ತೆರೆದ ಕೂಡಲೇ ಕಾಣುವ ತುದಿಗೆ ಅಂಟಿಸಿ. ಇದು ಚಿಲ್ಲರೆ ಕೆಲಸದಂತೆ ಕಾಣುತ್ತದೆ. ಆದರೆ ಮಿರರ್‌ನಲ್ಲಿದ್ದೂ ದತ್ತಾಂಶ ಕಳೆದುಕೊಳ್ಳುವ ಹಳೆಯ ದಾರಿಯೆಂದರೆ ಕೆಟ್ಟ ಡಿಸ್ಕ್ ಎಂದು ಭಾವಿಸಿ ಒಳ್ಳೆಯದನ್ನು ಕಿತ್ತು ಹಾಕುವುದು. ಟ್ರೂನಾಸ್ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂದು ತೋರಿಸುವ ಹೆಸರುಗಳನ್ನು ನಂಬಿ ಕೂರಬೇಡಿ, ರೀಸ್ಟಾರ್ಟ್ ಆದಾಗ ಅವು ಅದಲುಬದಲಾಗಬಹುದು. ಸೀರಿಯಲ್ ಬದಲಾಗುವುದಿಲ್ಲ.

ಮೊದಲ ಜೋಡಿ

ಟ್ರೂನಾಸ್ ತಾಣದಿಂದ ಐಎಸ್‌ಒ ಕಡತ ಇಳಿಸಿಕೊಂಡು ರೂಫಸ್ ಅಥವಾ ಬಲೇನಾ ಎಚ್ಚರ್ ಬಳಸಿ ಪೆನ್‌ಡ್ರೈವ್‌ಗೆ ಬರೆಯಿರಿ. ಸ್ಥಾಪಿಸುವಾಗ ಡೇಟಾ ಡಿಸ್ಕ್‌ಗಳ ಕೇಬಲ್ ಬಿಚ್ಚಿಟ್ಟು ಎಸ್‌ಎಸ್‌ಡಿ ಒಂದನ್ನೇ ಉಳಿಸಿದರೆ ಗೊಂದಲವೇ ಇಲ್ಲ, ಏಕೆಂದರೆ ಆರಿಸಿದ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು, ಕೇಬಲ್ ಹಾಕಿ, ಶುರು ಮಾಡಿ. ಪರದೆಯ ಮೇಲೆ ಒಂದು ಐಪಿ ವಿಳಾಸ ಕಾಣಿಸುತ್ತದೆ. ಅದನ್ನು ಇನ್ನೊಂದು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಹಾಕಿದರೆ ಮುಂದಿನದೆಲ್ಲ ಅಲ್ಲೇ.

‘ಸ್ಟೋರೇಜ್’ ಪುಟದಲ್ಲಿ ‘ಕ್ರಿಯೇಟ್ ಪೂಲ್’ ಒತ್ತಿ. (ಆವೃತ್ತಿ ಬದಲಾದಂತೆ ಗುಂಡಿಗಳ ಹೆಸರು, ಜಾಗ ಕೊಂಚ ಆಚೀಚೆ ಆಗುತ್ತಿರುತ್ತವೆ.) ಪೂಲ್‌ಗೆ ಚಿಕ್ಕ ಹೆಸರು ಕೊಡಿ. ಅಲ್ಲೇ ಎನ್‌ಕ್ರಿಪ್ಷನ್ ಆಯ್ಕೆಯೂ ಇದೆ. ಕೀಲಿ ಕಡತವನ್ನು ಬೇರೆಡೆ ಜೋಪಾನವಾಗಿ ಇಡುವ ಶಿಸ್ತು ಇಲ್ಲದವರು ಅದನ್ನು ಮುಟ್ಟದಿರುವುದೇ ವಾಸಿ. ಕಳ್ಳನಿಗೆ ಹಾಕಿದ ಬೀಗದಲ್ಲಿ ಮನೆಯವರೇ ಸಿಕ್ಕಿಕೊಂಡಾರು. ಮುಂದಿನ ‘ಡೇಟಾ’ ಹಂತದಲ್ಲಿ ‘ಲೇಔಟ್’ ಎದುರು ‘ಮಿರರ್’ ಆರಿಸಿ, ಡಿಸ್ಕ್ ಗಾತ್ರ ಸೂಚಿಸಿ, ‘ವಿಡ್ತ್’ 2, ವಿಡೆವ್‌ಗಳ ಸಂಖ್ಯೆ 1 ಎಂದು ಕೊಡಿ. ಲಾಗ್, ಕ್ಯಾಶ್, ಮೆಟಾಡೇಟಾ, ಡಿಡಪ್ ಎಂಬ ಹಂತಗಳು ಬರುತ್ತವೆ. ಎಲ್ಲವನ್ನೂ ಖಾಲಿ ಬಿಟ್ಟು ನೇರ ‘ರಿವ್ಯೂ’ಗೆ ಹೋಗಿ. ಮದುವೆ ವಿಡಿಯೊಗಳಿಗೆ ಅವುಗಳಿಂದ ಆಗುವ ಪ್ರಯೋಜನ ಏನೂ ಇಲ್ಲ, ಮೆಟಾಡೇಟಾ ವಿಡೆವ್ ಒಂಟಿ ಡಿಸ್ಕ್‌ನಲ್ಲಿದ್ದು ಕೆಟ್ಟರೆ ಪೂಲ್ ಕೂಡ ಹೋಗುತ್ತದೆ. ರಿವ್ಯೂನಲ್ಲಿ ‘1 × ಮಿರರ್, 2 ಡಿಸ್ಕ್’ ಎಂಬರ್ಥದ ಸಾಲು ಇದ್ದರೆ ಸರಿ. ‘ಸ್ಟ್ರೈಪ್’ ಎಂದಿದ್ದರೆ ಹಿಂದಕ್ಕೆ ಬನ್ನಿ.

4 ಟಿಬಿ ಕೊಂಡರೂ ಪರದೆಯಲ್ಲಿ 3.6ರ ಆಸುಪಾಸು ಕಂಡು ಗಾಬರಿಯಾಗಬೇಡಿ. ಡಿಸ್ಕ್ ಕಂಪನಿಗಳು ಸಾವಿರದ ಲೆಕ್ಕದಲ್ಲಿ, ತಂತ್ರಾಂಶ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬಂದ ವ್ಯತ್ಯಾಸವದು. ಪೂಲ್‌ನೊಳಗೆ ಒಂದು ಡೇಟಾಸೆಟ್ ಮಾಡಿ, ಎಸ್‌ಎಂಬಿ ಶೇರ್ ತೆರೆದು, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಅದು ಫೋಲ್ಡರ್ ಆಗಿ ಕಾಣುತ್ತದೆ. ಜೊತೆಗೆ ದಿನಕ್ಕೊಂದು ಸ್ನ್ಯಾಪ್‌ಶಾಟ್ ತಾನಾಗಿ ತೆಗೆಯುವಂತೆ ಹೊಂದಿಸಿ. ಹೊಸ ಹುಡುಗ ಒಂದು ಫೋಲ್ಡರ್ ಅಳಿಸಿಬಿಟ್ಟರೆ ಮಿರರ್ ನಿಮ್ಮನ್ನು ಕಾಯದು, ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಅಳಿಸುತ್ತದೆ. ನಿನ್ನೆಯ ಸ್ನ್ಯಾಪ್‌ಶಾಟ್‌ನಿಂದ ಮರಳಿ ಪಡೆಯಬಹುದು.

ತಪ್ಪದೆ ಮಾಡಬೇಕಾದ ಇನ್ನೊಂದು ಕೆಲಸ ಎಚ್ಚರಿಕೆಯ ಇಮೇಲ್ ಹೊಂದಿಸುವುದು. ಒಂದು ಡಿಸ್ಕ್ ಕೆಟ್ಟರೂ ಕೆಲಸ ಎಂದಿನಂತೆ ನಡೆಯುತ್ತದೆ ಎಂಬುದು ಮಿರರ್‌ನ ಗುಣವೂ ಹೌದು, ದೋಷವೂ ಹೌದು. ಯಾರಿಗೂ ಗೊತ್ತಾಗದೆ ತಿಂಗಳುಗಟ್ಟಲೆ ಒಂಟಿ ಡಿಸ್ಕ್ ಮೇಲೆ ಓಡಿ, ಕೊನೆಗೆ ಅದೂ ನಿಂತಾಗಲೇ ತಿಳಿಯುವ ಪ್ರಸಂಗಗಳು ಬೇಕಾದಷ್ಟಿವೆ.

ಆದ್ದರಿಂದ ನಿಜವಾದ ಕಡತ ತುಂಬುವ ಮೊದಲೇ ಒಂದು ಪರೀಕ್ಷೆ ಮಾಡಿ. ಬೇಡದ ಕೆಲವು ವಿಡಿಯೊಗಳನ್ನು ಹಾಕಿ, ಯಂತ್ರ ಆಫ್ ಮಾಡಿ, ಒಂದು ಡಿಸ್ಕ್‌ನ ಕೇಬಲ್ ಬಿಚ್ಚಿ, ಮತ್ತೆ ಆನ್ ಮಾಡಿ. ಪೂಲ್ ‘ಡಿಗ್ರೇಡೆಡ್’ ಎಂದು ತೋರಿಸಬೇಕು, ವಿಡಿಯೊ ಓಡಬೇಕು, ಮೊಬೈಲ್‌ಗೆ ಇಮೇಲ್ ಬರಬೇಕು. ಬರಲಿಲ್ಲವೆಂದರೆ ಅದನ್ನು ಸರಿಪಡಿಸಲು ಇದೇ ಸಮಯ. ನಂತರ ಆಫ್ ಮಾಡಿ ಕೇಬಲ್ ಹಾಕಿದರೆ ಆ ನಡುವೆ ಬದಲಾದಷ್ಟನ್ನು ಮಾತ್ರ ತಾನಾಗಿ ಸರಿದೂಗಿಸಿಕೊಳ್ಳುತ್ತದೆ. ಈ ಕ್ರಿಯೆಗೆ ರಿಸಿಲ್ವರ್ ಎಂದು ಹೆಸರು.

ಈಗಾಗಲೇ ತುಂಬಿದ ಡಿಸ್ಕ್ ಇದ್ದರೆ

ಹಳೆಯ 4 ಟಿಬಿ ಡಿಸ್ಕ್‌ನಲ್ಲಿ ಮದುವೆಗಳಿವೆ, ಹೊಸದಾಗಿ ಒಂದೇ ಡಿಸ್ಕ್ ಕೊಳ್ಳಲು ಹಣವಿದೆ. ಆಗಲೂ ಮಿರರ್ ಮಾಡಬಹುದು. ಹೊಸ ಡಿಸ್ಕ್ ಒಂದರಿಂದಲೇ ಒಂಟಿ ಪೂಲ್ ಮಾಡಿ (ಇಲ್ಲಿ ಲೇಔಟ್ ‘ಸ್ಟ್ರೈಪ್’ ಎಂದೇ ಇರುತ್ತದೆ, ಎಚ್ಚರಿಕೆಯೂ ಬರುತ್ತದೆ), ಹಳೆಯದರಿಂದ ಎಲ್ಲವನ್ನೂ ಕಾಪಿ ಮಾಡಿ, ತೆರೆದು ನೋಡಿ. ನಂತರ ಹಳೆಯ ಡಿಸ್ಕ್ ಅನ್ನು ಯಂತ್ರಕ್ಕೆ ಜೋಡಿಸಿ, ಪೂಲ್‌ನ ಡಿವೈಸ್ ಪಟ್ಟಿಯಲ್ಲಿ ಆ ಒಂಟಿ ಡಿಸ್ಕ್ ಆರಿಸಿ ‘ಎಕ್ಸ್‌ಟೆಂಡ್’ ಒತ್ತಿ ಹಳೆಯದನ್ನು ಕೊಡಿ. ರಿಸಿಲ್ವರ್ ಮುಗಿದರೆ ಒಂಟಿಯಾಗಿದ್ದದ್ದು ಮಿರರ್ ಆಗಿರುತ್ತದೆ. ಇಲ್ಲಿರುವ ತೊಡಕೆಂದರೆ, ಹಳೆಯದನ್ನು ಅಳಿಸಿದ ಗಳಿಗೆಯಿಂದ ರಿಸಿಲ್ವರ್ ಮುಗಿಯುವ ತನಕ ನಿಮ್ಮಲ್ಲಿ ಇರುವುದು ಒಂದೇ ಪ್ರತಿ. ಗೆಳೆಯರಿಂದ ಮೂರನೇ ಡಿಸ್ಕ್ ಒಂದು ವಾರಕ್ಕೆ ಎರವಲು ತಂದು ಅದರಲ್ಲೊಂದು ಪ್ರತಿ ಇಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕಬೇಡಿ.

ಎರಡನೇ ಜೋಡಿ ಸೇರಿಸುವುದು

ಪೂಲ್ ತುಂಬುತ್ತಾ ಬಂದಾಗ ಟ್ರೂನಾಸ್ ಎಚ್ಚರಿಸುತ್ತದೆ. ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಖಾಲಿ ಜಾಗ ಕಡಿಮೆಯಾದಷ್ಟೂ ಝಡ್‌ಎಫ್‌ಎಸ್ ಬರೆಯಲು ಜಾಗ ಹುಡುಕುತ್ತಾ ನಿಧಾನವಾಗುತ್ತದೆ. ಹೊಸ ಜೋಡಿ ಹಳೆಯದರಷ್ಟೇ ದೊಡ್ಡದಾಗಿರಬೇಕೆಂದಿಲ್ಲ. 4 ಟಿಬಿಯ ಜೋಡಿಗೆ 8 ಟಿಬಿಯ ಜೋಡಿ ಸೇರಿಸಿದರೆ ಒಟ್ಟು 12. ಆದರೆ ಒಂದೇ ಜೋಡಿಯೊಳಗೆ 4 ಮತ್ತು 8 ಹಾಕಿದರೆ ಸಿಗುವುದು 4 ಮಾತ್ರ.

ಯಂತ್ರ ಆಫ್ ಮಾಡಿ ಹೊಸ ಎರಡನ್ನೂ ಜೋಡಿಸಿ, ಆನ್ ಮಾಡಿ, ಸೀರಿಯಲ್ ತಾಳೆ ನೋಡಿ. ಪೂಲ್‌ನ ಡಿವೈಸ್ ಪುಟದಲ್ಲಿ ‘ಆ್ಯಡ್ ವಿಡೆವ್’ ಒತ್ತಿ, ‘ಡೇಟಾ’ದಲ್ಲಿ ಮತ್ತೆ ಮಿರರ್, ವಿಡ್ತ್ 2, ಸಂಖ್ಯೆ 1. ಅಷ್ಟೇ. ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ, ಹಳೆಯ ಕಡತಗಳು ಇದ್ದಲ್ಲೇ ಇರುತ್ತವೆ, ಶೇರ್ ಫೋಲ್ಡರ್‌ನಲ್ಲಿ ಜಾಗ ಹೆಚ್ಚಾಗಿ ಕಾಣುತ್ತದೆ.

ಇಷ್ಟು ಸುಲಭವಾಗಿರುವುದೇ ಅಪಾಯ. ‘ಎಕ್ಸ್‌ಟೆಂಡ್’ ಮತ್ತು ‘ಆ್ಯಡ್’ ನಡುವಿನ ವ್ಯತ್ಯಾಸವನ್ನು ಗಟ್ಟಿ ಮಾಡಿಕೊಳ್ಳಿ. ಎಕ್ಸ್‌ಟೆಂಡ್ ಎಂದರೆ ಇರುವ ವಿಡೆವ್‌ಗೆ ಇನ್ನೊಂದು ಪ್ರತಿ, ಅದರಿಂದ ಸುರಕ್ಷತೆ ಹೆಚ್ಚುತ್ತದೆ, ಜಾಗ ಹೆಚ್ಚುವುದಿಲ್ಲ. ಆ್ಯಡ್ ಎಂದರೆ ಪಕ್ಕದಲ್ಲಿ ಹೊಸ ವಿಡೆವ್, ಅದರಿಂದ ಜಾಗ ಹೆಚ್ಚುತ್ತದೆ. ಮೂರನೇ ಡಿಸ್ಕ್ ಒಂದನ್ನೇ ತಂದು ಅವಸರದಲ್ಲಿ ಆ್ಯಡ್ ಒತ್ತಿ, ಬಂದ ಎಚ್ಚರಿಕೆಯನ್ನು ಟಿಕ್ ಮಾಡಿ ದಾಟಿದಿರೋ, ಮಿರರ್ ಪಕ್ಕದಲ್ಲಿ ಒಂಟಿ ಡಿಸ್ಕ್ ಸ್ಟ್ರೈಪ್ ಆಗಿ ಕೂತಿತು. ಆ ಒಂಟಿ ಕೆಟ್ಟ ದಿನ ಮಿರರ್‌ನಲ್ಲಿದ್ದದ್ದೂ ಹೋಗುತ್ತದೆ. ಹಾಗಾಗಿದ್ದರೆ ತಕ್ಷಣ ಸರಿಪಡಿಸಬಹುದು: ನಾಲ್ಕನೆಯ ಡಿಸ್ಕ್ ತಂದು ಆ ಒಂಟಿಗೆ ಎಕ್ಸ್‌ಟೆಂಡ್ ಮಾಡಿ. ಅಥವಾ, ಪೂಲ್‌ನಲ್ಲಿ ಮಿರರ್‌ಗಳು, ಒಂಟಿ ಡಿಸ್ಕ್‌ಗಳು ಮಾತ್ರ ಇರುವಾಗ ಝಡ್‌ಎಫ್‌ಎಸ್ ಒಂದು ವಿಡೆವ್ ಅನ್ನು ಹೊರತೆಗೆಯಲು ಬಿಡುತ್ತದೆ. ‘ರಿಮೂವ್’ ಕೊಟ್ಟರೆ ಅದರಲ್ಲಿರುವುದನ್ನು ಉಳಿದವುಗಳಿಗೆ ಸಾಗಿಸಿ ಬಿಡುಗಡೆ ಮಾಡುತ್ತದೆ.

ನಾಲ್ಕು ಡಿಸ್ಕ್ ಇದ್ದರೆ ರೇಡ್‌ಝಡ್ ಮಾಡಿ (ಒಂದು ಡಿಸ್ಕ್‌ನಷ್ಟು ಜಾಗವನ್ನು ಮಾತ್ರ ರಕ್ಷಣೆಗೆ ಬಿಟ್ಟು) ಮೂರರಷ್ಟು ಜಾಗ ಪಡೆಯಬಹುದಲ್ಲ, ಮಿರರ್‌ನಲ್ಲಿ ಅರ್ಧ ಪೋಲು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರ ಲೆಕ್ಕ ತಪ್ಪಲ್ಲ. 2025ರ ಜನವರಿಯಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3ರಿಂದ ರೇಡ್‌ಝಡ್‌ಗೂ ಒಂದೊಂದೇ ಡಿಸ್ಕ್ ಸೇರಿಸಬಹುದು. ಆದರೂ ಸಣ್ಣ ಪೆಟ್ಟಿಗೆಗೆ ನನ್ನ ಮತ ಮಿರರ್‌ಗೇ. ಒಂದು ಕೆಟ್ಟರೆ ಅದರ ಜೊತೆಗಾರನೊಂದನ್ನು ಓದಿದರೆ ಸಾಕು, ಎಲ್ಲ ಡಿಸ್ಕ್‌ಗಳನ್ನೂ ದಣಿಸಬೇಕಿಲ್ಲ. ಎರಡೆರಡೇ ಕೊಂಡು ಬೆಳೆಸಬಹುದು. ನಾಲ್ಕರಲ್ಲಿ ಒಂದು ಕೆಟ್ಟ ಮೇಲೆ ಇನ್ನೊಂದು ಕೆಟ್ಟರೂ ಉಳಿದ ಮೂರರಲ್ಲಿ ಅದರ ಜೋಡಿಯೇ ಕೆಟ್ಟರೆ ಮಾತ್ರ ಪೂಲ್ ಹೋಗುತ್ತದೆ. ನಾಲ್ಕು ಡಿಸ್ಕ್‌ನ ರೇಡ್‌ಝಡ್1 ಆಗಿದ್ದರೆ ಯಾವ ಎರಡನೆಯದಾದರೂ ಸರಿ, ಕಥೆ ಮುಗಿದಂತೆ.

ಎರಡನೇ ಜೋಡಿ ಹಾಕಿದ ಮೇಲೂ ವೇಗ ದುಪ್ಪಟ್ಟಾಗಲಿಲ್ಲವೆಂಬ ದೂರು ಸಾಮಾನ್ಯ. ಕಾರಣ, ಹಳೆಯ ಕಡತಗಳು ಹಳೆಯ ಜೋಡಿಯಲ್ಲೇ ಇವೆ. ಹೊಸದಾಗಿ ಬರೆಯುವುದು ಖಾಲಿ ಹೆಚ್ಚಿರುವ ಹೊಸ ಜೋಡಿಗೇ ಹೆಚ್ಚು ಹೋಗುತ್ತದೆ. ಎರಡಕ್ಕೂ ಸಮನಾಗಿ ಹಂಚಲೆಂದು ಅದೇ ಪೂಲ್‌ನೊಳಗೆ ಫೋಲ್ಡರ್ ಕಾಪಿ ಮಾಡಿ ಹಳೆಯದನ್ನು ಅಳಿಸುವ ಉಪಾಯ ಹಿಂದೆ ನಡೆಯುತ್ತಿತ್ತು. ಈಗಿನ ಆವೃತ್ತಿಗಳಲ್ಲಿ ಅಂಥ ಕಾಪಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದರೆ, ದತ್ತಾಂಶ ಜಾಗ ಬದಲಿಸದೆ ಗುರುತು ಮಾತ್ರ ನಕಲಾಗಿದೆ ಎಂದು ತಿಳಿಯಿರಿ. ಹಳೆಯ ಸ್ನ್ಯಾಪ್‌ಶಾಟ್‌ಗಳು ಇರುವವರೆಗೆ ಅಳಿಸಿದ್ದರ ಜಾಗವೂ ಬಿಡುಗಡೆಯಾಗದು. ಸ್ಟುಡಿಯೊ ಮಟ್ಟಿಗೆ ಈ ತಲೆನೋವು ಬೇಡ. ಹಳೆಯ ಮದುವೆಗಳು ಅಳಿಯುತ್ತಾ, ಹೊಸವು ಬರುತ್ತಾ ತಾನಾಗಿ ಸಮನಾಗುತ್ತದೆ.

ಪೋರ್ಟ್ ಮುಗಿದಾಗ: ದೊಡ್ಡ ಡಿಸ್ಕ್‌ಗೆ ಬದಲಿ

ಪೆಟ್ಟಿಗೆಯಲ್ಲಿ ಜಾಗವಿಲ್ಲ, ಆದರೆ ಮದುವೆಗಳು ನಿಂತಿಲ್ಲ. ಆಗ ಒಂದು ಜೋಡಿಯ ಎರಡೂ 4 ಟಿಬಿಗಳನ್ನು ಒಂದಾದ ಮೇಲೊಂದರಂತೆ 8 ಟಿಬಿಗೆ ಬದಲಿಸಬೇಕು. ಒಂದು ಪೋರ್ಟ್ ಖಾಲಿ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ. ಹೊಸ ಡಿಸ್ಕ್ ಅನ್ನು ಆ ಪೋರ್ಟ್‌ಗೆ ಹಾಕಿ, ಹಳೆಯದನ್ನು ಆರಿಸಿ ‘ರಿಪ್ಲೇಸ್’ ಒತ್ತಿ ಹೊಸದನ್ನು ತೋರಿಸಿ. ಹಳೆಯದು ರಿಸಿಲ್ವರ್ ಮುಗಿಯುವವರೆಗೂ ಕೆಲಸದಲ್ಲೇ ಇರುತ್ತದೆ, ಹೀಗಾಗಿ ಒಂದು ಕ್ಷಣವೂ ಪ್ರತಿ ಒಂದಕ್ಕೆ ಇಳಿಯುವುದಿಲ್ಲ. ಮುಗಿದ ಮೇಲೆ ಎರಡನೆಯದಕ್ಕೂ ಹೀಗೇ ಮಾಡಿ. ಖಾಲಿ ಪೋರ್ಟ್ ಇಲ್ಲದಿದ್ದರೆ ಹಳೆಯದನ್ನು ‘ಆಫ್‌ಲೈನ್’ ಮಾಡಿ, ಯಂತ್ರ ಆಫ್ ಮಾಡಿ, ಅದೇ ಜಾಗಕ್ಕೆ ಹೊಸದನ್ನು ಹಾಕಿ ರಿಪ್ಲೇಸ್ ಮಾಡಬೇಕು; ಅಷ್ಟು ಹೊತ್ತು ಒಂಟಿ ಡಿಸ್ಕ್ ಮೇಲೆ ನಿಂತಿರುತ್ತೀರಿ.

ಝಡ್‌ಎಫ್‌ಎಸ್ ಖಾಲಿ ಜಾಗವನ್ನು ಕಾಪಿ ಮಾಡುವುದಿಲ್ಲ. 3 ಟಿಬಿ ತುಂಬಿದ್ದರೆ, ಸೆಕೆಂಡಿಗೆ 150 ಎಂಬಿ ವೇಗದಲ್ಲಿ, ಐದೂವರೆ ಗಂಟೆ. ನಡುವೆ ಯಾರಾದರೂ ಎಡಿಟಿಂಗ್‌ಗೆ ಕೂತರೆ ಇನ್ನೂ ಹೆಚ್ಚು, ಆದ್ದರಿಂದ ಸಂಜೆ ಅಂಗಡಿ ಮುಚ್ಚುವಾಗ ಶುರು ಮಾಡಿ. ಎರಡೂ ಬದಲಾದ ಮೇಲಷ್ಟೇ ಜಾಗ ಹೆಚ್ಚುತ್ತದೆ. ತಾನಾಗಿ ಹೆಚ್ಚದಿದ್ದರೆ ಪೂಲ್ ಪುಟದಲ್ಲಿ ‘ಎಕ್ಸ್‌ಪ್ಯಾಂಡ್’ ಗುಂಡಿ ಇದೆ. ಮತ್ತೆ ಸಣ್ಣ ಡಿಸ್ಕ್‌ಗೆ ಮರಳುತ್ತೇನೆಂದರೆ ಮಾತ್ರ ಆಗದು.

ತಿಂಗಳ ತಪಾಸಣೆ

ಮಾಮೂಲಿ ಮಿರರ್‌ನಲ್ಲಿ ಎರಡು ಪ್ರತಿಗಳು ಬೇರೆಯಾದರೆ ಯಾವುದು ಸರಿಯೆಂದು ಹೇಳುವವರಿಲ್ಲ. ಝಡ್‌ಎಫ್‌ಎಸ್ ಪ್ರತಿ ತುಂಡಿಗೂ ಚೆಕ್‌ಸಮ್ ಬರೆದಿಡುವುದರಿಂದ ಕೆಟ್ಟದ್ದನ್ನು ಗುರುತಿಸಿ ಒಳ್ಳೆಯ ಪ್ರತಿಯಿಂದ ತಿದ್ದಬಲ್ಲದು. ಆದರೆ ಓದಿದಾಗ ಮಾತ್ರ. ವರ್ಷದಿಂದ ಯಾರೂ ತೆರೆಯದ ಮದುವೆಯನ್ನೂ ಓದಿಸಿ ನೋಡುವ ಕೆಲಸಕ್ಕೆ ಸ್ಕ್ರಬ್ ಎನ್ನುತ್ತಾರೆ. ಟ್ರೂನಾಸ್ ಪೂಲ್ ಮಾಡಿದಾಗಲೇ ಇದನ್ನು ಭಾನುವಾರಕ್ಕೆ, 35 ದಿನಗಳ ಅಂತರದಲ್ಲಿ ನಿಗದಿ ಮಾಡಿರುತ್ತದೆ. ಭಾನುವಾರ ಯಂತ್ರ ಆಫ್ ಇರುತ್ತದೆಂದರೆ ದಿನ ಬದಲಿಸಿ.

ಡಿಸ್ಕ್ ದೋಷ ತೋರಿಸಿದ ಕೂಡಲೇ ಅಂಗಡಿಗೆ ಓಡಬೇಡಿ. ಸ್ಮಾರ್ಟ್ ಪಟ್ಟಿಯ 199ನೇ ಸಾಲು ಏರುತ್ತಿದ್ದರೆ ಹೆಚ್ಚಾಗಿ ತಪ್ಪು ಸಾಟಾ ಕೇಬಲ್‌ನದು, ಡಿಸ್ಕ್‌ನದಲ್ಲ. ಕೇಬಲ್ ಬದಲಿಸಿ ನೋಡಿ. 5, 197, 198 ಏರುತ್ತಿದ್ದರೆ ಹೊಸ ಡಿಸ್ಕ್ ತನ್ನಿ. ವಾರಂಟಿಗೆ ಕಳಿಸುವುದಾದರೆ ಬದಲಿ ಬರಲು ದಿನಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಜೋಡಿ ಮುರಿದೇ ಇರುತ್ತದೆ. ಒಂದು ಡಿಸ್ಕ್ ಕೊಂಡು ಪೊಟ್ಟಣ ಒಡೆಯದೆ ಬೀರುವಿನಲ್ಲಿಟ್ಟಿದ್ದರೆ ಆ ಆತಂಕವಿಲ್ಲ.

ಪೆಟ್ಟಿಗೆಯ ಹೊರಗೂ ಒಂದು ಪ್ರತಿ

ಮಲೆನಾಡಿನ ಸ್ಟುಡಿಯೊದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮಳೆಗಾಲಕ್ಕೆ ಮುಂಚಿನ ಒಂದು ಸಿಡಿಲು ಕರೆಂಟ್ ತಂತಿಯಲ್ಲೋ ಇಂಟರ್ನೆಟ್ ಕೇಬಲ್‌ನಲ್ಲೋ ಇಳಿದರೆ ಪೆಟ್ಟಿಗೆಯೊಳಗಿನ ನಾಲ್ಕೂ ಡಿಸ್ಕ್ ಒಟ್ಟಿಗೆ ಸುಡಬಹುದು. ಕಳ್ಳತನ, ಸೋರುವ ಛಾವಣಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಯಾವುದಕ್ಕೂ ಮಿರರ್ ಎಂಬುದು ಲೆಕ್ಕಕ್ಕಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ 3-2-1 ಸೂತ್ರವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ. ಅವರ ವೃತ್ತಿಯವರೇ ಇದನ್ನು ಹೆಚ್ಚು ಮರೆಯುತ್ತಾರೆ.

ಮೇಲೆ ಹೇಳಿದಂತೆ ದೊಡ್ಡ ಡಿಸ್ಕ್‌ಗೆ ಬದಲಾದಾಗ ಕೈಗೆ ಬಂದ ಎರಡು 4 ಟಿಬಿಗಳನ್ನು ಮಾರಬೇಡಿ. ಸ್ಮಾರ್ಟ್ ಪಟ್ಟಿ ಚೊಕ್ಕಟವಾಗಿದ್ದರೆ ಯುಎಸ್‌ಬಿ ಕೇಸ್ ಹಾಕಿ, ಒಂದನ್ನು ಮನೆಯಲ್ಲೂ ಇನ್ನೊಂದನ್ನು ಅಂಗಡಿಯಲ್ಲೂ ಇಡಿ. ಇನ್ನೂ ಆಲ್ಬಂ ಕೊಡದ ಮದುವೆಗಳನ್ನು ಅಂಗಡಿಯದಕ್ಕೆ ಶನಿವಾರ ಕಾಪಿ ಮಾಡಿ ಮನೆಗೆ ಒಯ್ಯಿರಿ, ಮನೆಯದನ್ನು ಸೋಮವಾರ ಅಂಗಡಿಗೆ ತನ್ನಿ. ಕಾಪಿ ಮುಗಿದ ಮೇಲೆ ಕೇಬಲ್ ಬಿಚ್ಚಿಡುವುದನ್ನು ಮರೆಯಬೇಡಿ; ಸಿಕ್ಕಿಸಿಯೇ ಬಿಟ್ಟ ಬ್ಯಾಕಪ್ ಡಿಸ್ಕ್‌ಗೆ ಸಿಡಿಲೂ ತಗಲುತ್ತದೆ, ರ‍್ಯಾನ್ಸಮ್‌ವೇರೂ ತಗಲುತ್ತದೆ.